ನೀಲಿ ನೀರಿಗೂ ಏಳದ್ದು

ನಮ್ಮ ಕಡೆ ಸೂಜಿ ಮಾಡದ ಡಾಕ್ಟರು ಡಾಕ್ಟರೇ ಅಲ್ಲ. ಮೈ ಬಿಸಿಯಾದರೆ ಸೂಜಿ, ಸೊಂಟ ಹಿಡಿದರೆ ಸೂಜಿ, ಕೂಸು ಅಳು ನಿಲ್ಲಿಸದಿದ್ದರೂ ಸೂಜಿ. ಬರೀ ಗುಳಿಗೆ ಬರೆದು ಕಳಿಸಿದ ಡಾಕ್ಟರನ್ನು ಬಸ್‌ಸ್ಟ್ಯಾಂಡ್ ಮುಟ್ಟುವವರೆಗೂ ಬೈದುಕೊಂಡು ಹೋಗುವವರನ್ನು ರಾಯಚೂರಿನಲ್ಲಿ ದಿನಾ ನೋಡುತ್ತೇನೆ. "ಒಂದು ಸೂಜಿ ಮಾಡ್ಲಿಲ್ಲ, ಇವನೆಂಥ ಡಾಕ್ಟರು" ಅನ್ನುತ್ತಾ ಹೋಗುತ್ತಾರೆ. ಅವರನ್ನು ನೋಡಿ ನಾವು ನರ್ಸುಗಳು ಒಳಗೊಳಗೇ ನಗುತ್ತೇವೆ. ನಾನು ಸ್ವಲ್ಪ ಹೆಚ್ಚೇ ನಗುತ್ತಿದ್ದೆ. ಈಗ ನಗುವುದಿಲ್ಲ.

ನನ್ನ ಕೆಲಸ ಎಂಡೋಸ್ಕೋಪಿ ಕೋಣೆಯಲ್ಲಿ. ಒಂದು ಖಾಸಗಿ ಆಸ್ಪತ್ರೆ, ಹೆಸರು ಬೇಡ. ತುದಿಯಲ್ಲಿ ಕ್ಯಾಮೆರಾ ಇರುವ ಕಪ್ಪು ಕೊಳವೆಯನ್ನು ಬಾಯಿಂದಲೋ ಕೆಳಗಿನಿಂದಲೋ ಒಳಗೆ ಬಿಟ್ಟು, ಹೊಟ್ಟೆ ಕರುಳು ನೋಡುವ ಕೋಣೆ ಅದು. ಡಾಕ್ಟರರು ಕೊಳವೆ ಹಿಡಿದಿರುತ್ತಾರೆ, ಕಣ್ಣು ಟಿವಿಯ ಮೇಲೆ. ಅವರ ಬಲಕ್ಕೆ ನಾನು ನಿಲ್ಲುತ್ತೇನೆ. ಸೂಜಿ, ಕುಣಿಕೆ, ಕ್ಲಿಪ್ಪು, ಏನು ಕೇಳಿದರೂ ಕೇಳುವ ಮೊದಲೇ ಕೈಗೆ ಕೊಡಬೇಕು. ಮಾನ್ವಿಯ ನಮ್ಮ ಓಣಿಯಿಂದ ನರ್ಸಿಂಗ್ ಓದಿದ ಮೊದಲ ಹುಡುಗಿ ನಾನು. ಆ ಜಂಬ ನನಗೆ ಚೆನ್ನಾಗಿಯೇ ಇತ್ತು.

ಆ ಕೋಣೆಯಲ್ಲಿ ನನಗೆ ಅತ್ಯಂತ ಇಷ್ಟವಾಗಿದ್ದ ಕೆಲಸವೂ ಒಂದು ಸೂಜಿಯದೇ. ಕೆಲವರ ದೊಡ್ಡ ಕರುಳಿನ ಒಳಗೋಡೆಯ ಮೇಲೆ ಗಡ್ಡೆ ಬೆಳೆಯುತ್ತದೆ. ಡಾಕ್ಟರರು ಪಾಲಿಪ್ ಅನ್ನುತ್ತಾರೆ. ಬಿಟ್ಟರೆ ಎಷ್ಟೋ ವರ್ಷಕ್ಕೆ ಕ್ಯಾನ್ಸರ್ ಆಗಬಹುದು, ಹಾಗಾಗಿ ತೆಗೆಯಬೇಕು. ಸಣ್ಣದಿದ್ದರೆ ತಂತಿಯ ಕುಣಿಕೆ ಹಾಕಿ ಬಿಗಿದು ಕತ್ತರಿಸಿದರೆ ಮುಗಿಯಿತು. ದೊಡ್ಡದು, ಅದರಲ್ಲೂ ರೊಟ್ಟಿಯ ಹಾಗೆ ಚಪ್ಪಟೆಯಾಗಿ ಹರಡಿದ್ದು, ಹಾಗೆ ಬರುವುದಿಲ್ಲ. ಕರುಳಿನ ಗೋಡೆ ಬಹಳ ತೆಳು. ಕುಣಿಕೆಯೊಳಗೆ ಗಡ್ಡೆಯ ಜೊತೆ ಗೋಡೆಯೂ ಸಿಕ್ಕಿಕೊಂಡರೆ ಕರುಳಿಗೆ ತೂತು ಬೀಳುತ್ತದೆ. ಅದಕ್ಕೇ ಮೊದಲು ಉದ್ದನೆಯ ಸೂಜಿಯಿಂದ ಗಡ್ಡೆಯ ಬುಡಕ್ಕೆ ನೀರು ಬಿಡುತ್ತಾರೆ. ನೀರು ಒಳಪದರದ ಕೆಳಗೆ ತುಂಬಿ, ಗಡ್ಡೆ ಮೆಲ್ಲಗೆ ಮೇಲೆ ಏಳುತ್ತದೆ. ಗೋಡೆ ಕೆಳಗೆ ಉಳಿಯುತ್ತದೆ. ಆಮೇಲೆ ಧೈರ್ಯವಾಗಿ ಕುಣಿಕೆ ಹಾಕಬಹುದು.

ಇದನ್ನು ನನ್ನವ್ವನಿಗೆ ಒಮ್ಮೆ ವಿವರಿಸಿದ್ದೆ. ಸಿರವಾರದ ಕಾಲುವೆ ಗದ್ದೆಗಳಲ್ಲಿ ನಾಟಿ ಹಚ್ಚಿ ನನ್ನನ್ನು ಓದಿಸಿದವಳು ಅವಳು. ಪೂರ್ತಿ ಹೇಳುವ ಮೊದಲೇ, "ಸಸಿ ಮಡಿಗಿ ನೀರ ಕಟ್ಟಿದಂಗ. ಒಣ ಮಡ್ಯಾಗ ಕಿತ್ರ ಬೇರ ಹರಿತಾವ, ನೀರ ನಿಂತಿದ್ರ ತಾನಽ ಬರ್ತಾವ. ಇದಕ್ಕೇನ ಓದಬೇಕು?" ಅಂದಳು. ಮೂರು ವರ್ಷ ಓದಿ, ಆಮೇಲೆ ಅಷ್ಟೇ ವರ್ಷ ಕೋಣೆಯಲ್ಲಿ ನಿಂತು ಕಲಿತದ್ದನ್ನು ಅವಳು ಒಂದೇ ಉಸಿರಿನಲ್ಲಿ ಮುಗಿಸಿದ್ದಳು.

ಆದರೆ ಎಲ್ಲ ನೀರೂ ಒಂದೇ ಅಲ್ಲ. ಬರೀ ಸಲೈನ್ ಬಿಟ್ಟರೆ ಗಡ್ಡೆ ಏಳುತ್ತದೆ, ಆದರೆ ಸ್ವಲ್ಪ ಹೊತ್ತಿಗೆ ನೀರು ಸುತ್ತಲಿನ ಮಾಂಸದಲ್ಲಿ ಇಂಗಿ ಮತ್ತೆ ಕುಸಿಯುತ್ತದೆ. ದೊಡ್ಡ ಗಡ್ಡೆಯನ್ನು ತುಂಡುತುಂಡಾಗಿ ತೆಗೆಯುವಾಗ ಮತ್ತೆ ಮತ್ತೆ ಚುಚ್ಚಬೇಕು. ಹಾಗಾಗಿ ದಪ್ಪ ನೀರುಗಳಿವೆ. ಅಪಘಾತದಲ್ಲಿ ರಕ್ತ ಹೋದವರಿಗೆ ಏರಿಸುವ, ತೆಳು ಗಂಜಿಯಂಥ ಒಂದು ದ್ರವ ಇದೆ, ಅದನ್ನೇ ನಮ್ಮ ಡಾಕ್ಟರರು ಬಳಸುತ್ತಿದ್ದರು. ಅದು ಬೇಗ ಇಂಗುವುದಿಲ್ಲ, ಗಡ್ಡೆ ಎದ್ದೇ ಇರುತ್ತದೆ. ನಮ್ಮ ಕೋಣೆಯ ಭಾಷೆಯಲ್ಲಿ ಒಂದು ತಿಳಿನೀರು, ಇನ್ನೊಂದು ಮಂದನೀರು. ಎರಡಕ್ಕೂ ಒಂದು ಹನಿ ನೀಲಿ ಬಣ್ಣ ಸೇರಿಸುತ್ತಿದ್ದೆ. ನೀಲಿ ಕಂಡಷ್ಟೂ ಜಾಗ ಸುರಕ್ಷಿತ, ನೀಲಿ ಇಲ್ಲದ ಕಡೆ ಕುಣಿಕೆ ಹಾಕುವಂತಿಲ್ಲ.

ಸಿರಿಂಜ್ ಒತ್ತುವವಳು ನಾನು. ಸೂಜಿ ಸರಿಯಾದ ಪದರದಲ್ಲಿದ್ದರೆ ಹೆಬ್ಬೆರಳಿಗೆ ಭಾರವೇ ತಿಳಿಯುವುದಿಲ್ಲ. "ಎದ್ದದೇನ್ರಿ ಸಿಸ್ಟರ್?" ಎಂದು ಡಾಕ್ಟರರು ಕೇಳುತ್ತಿದ್ದರು. ಅವರಿಗೂ ಟಿವಿಯಲ್ಲಿ ಕಾಣುತ್ತಿತ್ತು, ಆದರೂ ಕೇಳುತ್ತಿದ್ದರು, ಯಾಕೆಂದರೆ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. "ಎದ್ದದ ಸರ್" ಎನ್ನುವುದು ನನಗೆ ಬಹಳ ಸಂತೋಷದ ಮಾತಾಗಿತ್ತು.

ಇನ್ನು ಸಣ್ಣವ್ವನ ಮಾತಿಗೆ ಬರಬೇಕು. ಬರಲು ಮನಸ್ಸಿಲ್ಲ, ಅದಕ್ಕೇ ಇಷ್ಟು ಹೊತ್ತು ನೀರಿನ ಕಥೆ ಹೇಳಿದೆ.

ಸಣ್ಣವ್ವ ಎಂದರೆ ನಮ್ಮವ್ವನ ತಂಗಿ. ದೇವದುರ್ಗಕ್ಕೆ ಕೊಟ್ಟಿದ್ದರು. ಗಂಡ ಬೇಗ ಹೋದ, ಮಕ್ಕಳಾಗಲಿಲ್ಲ. ಅವ್ವ ಗದ್ದೆಗೆ ಹೋದ ದಿನಗಳಲ್ಲಿ ನನ್ನ ತಲೆ ಬಾಚಿ, ಹೇನು ತೆಗೆದು, ಶಾಲೆಗೆ ಕಳಿಸಿದವಳು ಮದುವೆಗೆ ಮೊದಲಿನ ಸಣ್ಣವ್ವ. ಆಮೇಲೆ ದೇವದುರ್ಗದಲ್ಲಿ ಒಂದು ಶಾಲೆಯ ಬಿಸಿಯೂಟದ ಅಡುಗೆಗೆ ಸೇರಿದಳು. ನಮ್ಮ ಜನ ಬೌದ್ಧರಾಗಿ ಎಷ್ಟೋ ವರ್ಷವಾಗಿತ್ತು, ಆದರೆ ಊರಿಗೆ ನಮ್ಮ ಹಳೆಯ ಹೆಸರೇ ನೆನಪಿತ್ತು. ಸಣ್ಣವ್ವ ಸೌಟು ಹಿಡಿದ ಮೊದಲ ವರ್ಷ ಅರ್ಧ ಶಾಲೆ ಮನೆಯಿಂದ ಡಬ್ಬಿ ತಂದಿತು. ಕೆಲವರು ಮಕ್ಕಳನ್ನು ಮಧ್ಯಾಹ್ನ ಮನೆಗೇ ಕರೆದುಕೊಂಡು ಹೋದರು. ಸಣ್ಣವ್ವ ಜಗಳ ಮಾಡಲಿಲ್ಲ, ಅಳಲಿಲ್ಲ. ತೊಗರಿಬೇಳೆ ಸಾರಿಗೆ ಒಗ್ಗರಣೆ ಹಾಕಿ ಕಿಟಕಿ ತೆರೆದಿಡುತ್ತಿದ್ದಳಂತೆ. "ವಾಸನಿಗಿ ಜಾತಿ ಎಲ್ಲದ?" ಎಂದು ನಮಗೆ ಹೇಳಿ ನಗುತ್ತಿದ್ದಳು. ಮೂರನೇ ವರ್ಷಕ್ಕೆ ಡಬ್ಬಿ ತರುವವರು ಇಬ್ಬರೋ ಮೂವರೋ ಉಳಿದರು. ಆಮೇಲೆ ಅವರೂ ಇಲ್ಲ. ಬೀದಿಯಲ್ಲಿ ಹೋಗುವಾಗ ಮಕ್ಕಳು "ಅಡಿಗಿ ಯವ್ವಾ" ಎಂದು ಕೂಗಿದರೆ ಅವಳ ಮುಖ ನೋಡಬೇಕಿತ್ತು. ಅವಳು ಗೆದ್ದದ್ದು ಅದೊಂದೇ, ಅದನ್ನೂ ಯಾರ ಸಹಾಯವಿಲ್ಲದೆ ಗೆದ್ದಳು.

ನನ್ನ ತಮ್ಮನ ಮಗುವಿನ ತೊಟ್ಟಿಲ ಕಾರ್ಯಕ್ಕೆ ಅವಳು ಮಾನ್ವಿಗೆ ಬಂದಿದ್ದಳು. ನಾನು ಎಂಡೋಸ್ಕೋಪಿ ಕೋಣೆಗೆ ಸೇರಿ ಆಗ ಕೆಲವು ವರ್ಷ ಆಗಿತ್ತು. ಮನೆಯಲ್ಲಿ ಒಬ್ಬಳು ನರ್ಸ್ ಇದ್ದರೆ ಏನಾಗುತ್ತದೆಂದು ನರ್ಸುಗಳಿಗೇ ಗೊತ್ತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ, ನಮ್ಮ ಮನೆಯಲ್ಲಿ ಉಲ್ಟಾ, ಹಿತ್ತಲ ಗಿಡವನ್ನೇ ಬುಡ ಸಮೇತ ಕಿತ್ತು ತಿನ್ನುವವರು. ಚೀಲ ಇಳಿಸುವ ಮೊದಲೇ ಒಬ್ಬರು ನಾಲಿಗೆ ಚಾಚುತ್ತಾರೆ, ಇನ್ನೊಬ್ಬರು ಹಳೆಯ ರಿಪೋರ್ಟಿನ ಪ್ಲಾಸ್ಟಿಕ್ ಚೀಲ ತರುತ್ತಾರೆ. ಅವತ್ತು ನಾನು ಹೊಸ ರೇಷ್ಮೆ ಸೀರೆ ಉಟ್ಟಿದ್ದೆ. ಒಂದು ದಿನವಾದರೂ ಮಂದಿಯ ಮಲ ಮೂತ್ರದ ಸುದ್ದಿ ಇಲ್ಲದೆ ಇರಬೇಕೆಂದು ನಿರ್ಧಾರ ಮಾಡಿಕೊಂಡು ಬಂದಿದ್ದೆ. ಸಣ್ಣವ್ವ ನನ್ನನ್ನು ಮನೆ ಹಿಂದಿನ ನೀರಿನ ತೊಟ್ಟಿಯ ಹತ್ತಿರ ಕರೆದಳು.

"ಒಂದ ಮಾತ ಕೇಳ್ಲಾ ಯವ್ವಾ?"

"ಏನದು?"

"ಕೆಳಗ ರಕ್ತ ಬೀಳಾಕತ್ತದ ಬೇ. ಸಂಡಾಸಕ್ಕ ಹೋದಾಗ. ಏನೋ ಹೊರಗ ಬಂದಂಗನೂ ಆಗ್ತದ."

"ಎಷ್ಟ ದಿನಾತು?"

"ಯುಗಾದಿ ಆದಮ್ಯಾಲಿಂದ."

"ಮೂಲವ್ಯಾಧಿ ಅದು. ದಿನಾ ಒಲಿ ಮುಂದ ಕುಂದರ್ತಿ, ಖಾರ ತಿಂತಿ, ಮತ್ತೇನಾಗ್ತದ? ದೇವದುರ್ಗದಾಗ ಸೂಜಿ ಮಾಡ್ತಾರಲ್ಲ, ಒಂದ ಸೂಜಿ ಮಾಡಿಸ್ಕೊ. ಒಣಗಿ ಹೋಗ್ತದ."

"ನೀ ಅಂದ್ರ ಆತ ಬಿಡು" ಎಂದಳು ಸಣ್ಣವ್ವ.

ಒಳಗಿನಿಂದ ಫೋಟೋಕ್ಕೆ ಕರೆದರು, ನಾನು ಹೋದೆ. ಮಾತು ಪೂರ್ತಿ ಮುಗಿಯಲು ಎರಡು ನಿಮಿಷವೂ ಹಿಡಿದಿರಲಿಕ್ಕಿಲ್ಲ. ನಾನು ಏನು ಹೇಳಿದೆನೋ ಅದನ್ನು ಯಾವ ಆಸ್ಪತ್ರೆಯ ನರ್ಸೂ ಹೇಳಬಾರದು. ನಮ್ಮ ಕಡೆ ಕೆಳಗಿನಿಂದ ರಕ್ತ ಬಿದ್ದರೆ ಎಲ್ಲಕ್ಕೂ ಒಂದೇ ಹೆಸರು, ಮೂಲವ್ಯಾಧಿ. ಆ ಹೆಸರಿನ ಹಿಂದೆ ಏನೇನು ಅಡಗಿರುತ್ತದೆ ಎಂದು ದಿನಾ ಟಿವಿಯಲ್ಲಿ ನೋಡುತ್ತಿದ್ದವಳು ನಾನು. ಆಸ್ಪತ್ರೆಗೆ ಬಂದ ಅಪರಿಚಿತರಿಗೆ, "ನೋಡದ ಹೊರತು ಏನೂ ಹೇಳಾಕ ಬರಲ್ರಿ, ಮೊದಲ ಡಾಕ್ಟ್ರಿಗಿ ತೋರಸ್ರಿ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ. ಮನೆಗೆ ಮಾರಿ ಪರರಿಗೆ ಉಪಕಾರಿ ಎಂಬ ಗಾದೆಯನ್ನು ಯಾರು ಕಟ್ಟಿದರೋ, ನನ್ನಂಥವಳನ್ನು ನೋಡಿಯೇ ಕಟ್ಟಿರಬೇಕು.

ಸಣ್ಣವ್ವ ಸೂಜಿ ಮಾಡಿಸಿಕೊಂಡಳು. ಆಪರೇಷನ್ ಇಲ್ಲದೆ ಮೂಲವ್ಯಾಧಿ ಗುಣ ಎಂದು ಬೋರ್ಡು ಹಾಕಿಕೊಂಡು, ವಾರಕ್ಕೆರಡು ದಿನ ಬಂದು ಹೋಗುವ ಒಬ್ಬಾತ. ಓದಿದ್ದು ಏನೋ ಯಾರಿಗೂ ಗೊತ್ತಿಲ್ಲ. ಅವನ ಹತ್ತಿರ ಒಂದು ಎಣ್ಣೆಯಂಥ ಔಷಧಿ ಇತ್ತು. ಮೂಲವ್ಯಾಧಿಯ ಮೊಳಕೆಗೆ ಚುಚ್ಚಿದರೆ ಅದು ಸುಟ್ಟು, ಗಟ್ಟಿಯಾಗಿ, ಒಣಗುತ್ತದೆ. ನಿಜವಾದ ಮೂಲವ್ಯಾಧಿ ಇದ್ದಿದ್ದರೆ ಗುಣವಾಗುತ್ತಿತ್ತೋ ಏನೋ. ಸಣ್ಣವ್ವನಿಗೆ ಇದ್ದದ್ದು ಗುದದ್ವಾರದಿಂದ ಸ್ವಲ್ಪವೇ ಮೇಲೆ, ಗೋಡೆಯ ಮೇಲೆ ಹರಡಿದ್ದ ಗಡ್ಡೆ. ಹೊರಗೆ ಇಣುಕುತ್ತಿದ್ದದ್ದು ಅದರ ಅಂಚು. ಆತ ಅದಕ್ಕೇ ಚುಚ್ಚಿದ.

"ರಕ್ತ ನಿಂತದ ಯವ್ವಾ. ನಿನ್ನ ಬಾಯಾಗ ಸಕ್ರಿ ಹಾಕ" ಎಂದು ಫೋನ್ ಮಾಡಿದಳು. ನಾನು ಹಿಗ್ಗಿದೆ. ವರ್ಷ ಕಳೆಯುವುದರೊಳಗೆ ಮತ್ತೆ ಶುರುವಾಯಿತು. ನಾನು ಡ್ಯೂಟಿಯಲ್ಲಿದ್ದೆ, ಫೋನನ್ನು ಭುಜಕ್ಕೆ ಒತ್ತಿಕೊಂಡು, "ಇನ್ನೊಂದ ಮಾಡಿಸ್ಕೊ" ಎಂದೆ. ಎರಡಾಯಿತು, ಮೂರಾಯಿತು. ನಡುವೆ ಒಮ್ಮೆಯೂ ಅವಳನ್ನು ಆಸ್ಪತ್ರೆಗೆ ಬಾ ಎನ್ನಲಿಲ್ಲ. ದೇವದುರ್ಗದಿಂದ ರಾಯಚೂರು ಒಂದು ಬಸ್ಸಿನ ದಾರಿ.

ಕೊನೆಗೆ ಅವಳನ್ನು ಕಳಿಸಿದ್ದು ನಾನಲ್ಲ. ಶಾಲೆಯ ಒಬ್ಬ ಟೀಚರು ಅವಳು ಅನ್ನದ ಪಾತ್ರೆ ಇಳಿಸುವಾಗ ಗೋಡೆ ಹಿಡಿದು ನಿಂತದ್ದನ್ನು ನೋಡಿ, ಕಣ್ಣರೆಪ್ಪೆ ಎಳೆದು ನೋಡಿದರಂತೆ. ಬಿಳುಚಿಕೊಂಡಿತ್ತು. ಅವರೇ ಬಸ್ಸು ಹತ್ತಿಸಿದರು. ಸಣ್ಣವ್ವ ನಮ್ಮ ಆಸ್ಪತ್ರೆಯ ಬಾಗಿಲಲ್ಲಿ ನಿಂತು ವಾಚ್‌ಮನ್‌ಗೆ, "ನಮ್ಮ ಮಗಳು ಇಲ್ಲೇ ಅದಾಳ್ರಿ, ದೊಡ್ಡ ಸಿಸ್ಟರು" ಎನ್ನುತ್ತಿದ್ದಳು.

ಡಾಕ್ಟರರು ಕೊಳವೆ ಬಿಟ್ಟು ನೋಡಿದರು. ನಾನು ಪಕ್ಕದಲ್ಲೇ ಇದ್ದೆ. ಟಿವಿಯ ಮೇಲೆ ಆ ಗಡ್ಡೆ ಮೂಡಿದಾಗ ನನಗೆ ಮೊದಲು ಕಂಡದ್ದು ಅದರ ಗಾತ್ರವಲ್ಲ, ನಡುವಿನ ಬಿಳಿ ಕಲೆ, ಹಳೆಯ ಗಾಯದ ಗುರುತು. ಡಾಕ್ಟರರು ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಆ ಚೂರಿನಲ್ಲಿ ಕ್ಯಾನ್ಸರ್ ಬರಲಿಲ್ಲ, ಆದರೆ ಚೂರನ್ನು ನಂಬುವಂತಿಲ್ಲ ಎಂದರು. ಪೂರ್ತಿ ತೆಗೆದು ನೋಡಬೇಕು.

ಸಣ್ಣವ್ವನನ್ನು ಕೂರಿಸಿಕೊಂಡು ಅವರೇ ಹೇಳಿದರು. "ನೋಡವಾ, ನೀರ ಬಿಟ್ಟು ಎಬ್ಬಿಸಿ ಕೊಳವಿಯಿಂದನಽ ತಗೀತೀವಿ. ಎದ್ದರ ಎರಡ ದಿನದಾಗ ಮನಿಗಿ ಹೋಗ್ತಿ. ಏಳಲಿಲ್ಲ ಅಂದ್ರ ಆಪರೇಷನ್ ಮಾಡ್ಬೇಕಾಗ್ತದ. ಗಡ್ಡಿ ಬಾಳ ಕೆಳಗ ಅದ. ಹೊಟ್ಟಿಗೊಂದು ಚೀಲ ಹಾಕಬೇಕಾದೀತು, ಸಂಡಾಸ ಅದರಾಗಽ ಬರ್ತದ."

"ಎಷ್ಟ ದಿನ್ರೀ?"

"ಹೇಳಾಕ ಬರಲ್ಲ. ಕಾಯಂ ಇದ್ರೂ ಇರಬಹುದು."

ಸಣ್ಣವ್ವ ನನ್ನ ಕಡೆ ತಿರುಗಿದಳು. "ಚೀಲ ಇದ್ರ ಸೌಟ ಹಿಡಿಯಾಕ ಬಿಡ್ತಾರನ ಬೇ?" ಎಂದಳು. ಸಾಯುತ್ತೇನಾ ಎಂದು ಕೇಳಲಿಲ್ಲ. "ಏಳ್ತದ ಬಿಡು, ನನ್ನ ಕೈಯಾಗಽ ಎಬ್ಬಸ್ತೀನಿ" ಎಂದೆ. ಬಾಯಿ ಹಾಗೆ ಹೇಳುತ್ತಿತ್ತು, ಆ ಬಿಳಿ ಕಲೆ ಕಣ್ಣಿನಿಂದ ಹೋಗಿರಲಿಲ್ಲ.

ಆ ದಿನ ಬೆಳಿಗ್ಗೆ ಡಾಕ್ಟರರು, "ನಿಮ್ಮ ಮಂದಿ ಅಂದ್ರ ಕೈ ನಡುಗ್ತದ. ಬ್ಯಾರೆ ಸಿಸ್ಟರ್ ನಿಲ್ಲಲಿ" ಎಂದರು. ನಾನು ಒಪ್ಪಲಿಲ್ಲ. ಮಂದನೀರನ್ನು ನಾನೇ ಎಳೆದೆ, ನೀಲಿ ಹನಿಯನ್ನು ನಾನೇ ಹಾಕಿದೆ, ಸಿರಿಂಜನ್ನು ಬೆಳಕಿಗೆ ಹಿಡಿದು ಗುಳ್ಳೆ ತೆಗೆದೆ. ಸಣ್ಣವ್ವನಿಗೆ ಮಂಪರಿನ ಔಷಧಿ ಕೊಟ್ಟಾಗಿತ್ತು.

ಮೊದಲು ಒಂದು ಅಂಚಿಗೆ ಚುಚ್ಚಿದರು. ಒತ್ತಿದೆ. ಎದ್ದಿತು. ಎಷ್ಟು ಚೆಂದ ಎದ್ದಿತೆಂದರೆ ನಾನು ಉಸಿರು ಬಿಟ್ಟೆ. ಎರಡನೇ ಅಂಚೂ ಎದ್ದಿತು. ನೀಲಿ ಬಣ್ಣ ಸುತ್ತಲೂ ಹರಡಿತು. ಮೂರನೆಯದು ನಡುವಿಗೆ. ಸೂಜಿ ಒಳಹೋಯಿತು, ನಾನು ಒತ್ತಿದೆ, ಸಿರಿಂಜ್ ಜಗ್ಗಲಿಲ್ಲ. ಇನ್ನಷ್ಟು ಒತ್ತಿದೆ. ಚುಚ್ಚಿದ ಜಾಗದಿಂದಲೇ ನೀಲಿ ನೀರು ವಾಪಸು ಚಿಮ್ಮಿ ಕ್ಯಾಮೆರಾದ ಮೇಲೆ ಬಿತ್ತು.

"ಎದ್ದದೇನ್ರಿ ಸಿಸ್ಟರ್?"

ನಾನು ಇನ್ನೊಮ್ಮೆ ಒತ್ತಿದೆ. ಅವರು ಸೂಜಿಯನ್ನು ಸ್ವಲ್ಪ ಹಿಂದೆ ಎಳೆದರು, ಓರೆ ಮಾಡಿದರು. ತಿಳಿನೀರು ಕೊಟ್ಟು ನೋಡಿ ಎಂದರು, ತೆಳುವಾದದ್ದು ಹೊಕ್ಕೀತು ಎಂಬ ಆಸೆ. ಅದೂ ಒಳಗೆ ಹೋಗಲಿಲ್ಲ. ಸುತ್ತಲೂ ನೀಲಿಯಾಗಿ ಉಬ್ಬಿದ ಗಡ್ಡೆ, ನಡುವೆ ಹೊಕ್ಕುಳಿನ ಹಾಗೆ ಒಂದು ತಗ್ಗು. ನೀರು ಕೊಟ್ಟಷ್ಟೂ ಸುತ್ತಲಿನದು ಏಳುತ್ತಿತ್ತು, ನಡುವಿನದು ಇನ್ನೂ ಆಳಕ್ಕೆ ಹೋದಂತೆ ಕಾಣುತ್ತಿತ್ತು. ಅಲ್ಲಿ ಎಬ್ಬಿಸಲು ಪದರವೇ ಉಳಿದಿರಲಿಲ್ಲ. ಎಲ್ಲ ಒಂದಕ್ಕೊಂದು ಅಂಟಿ ಚರ್ಮದ ಚಪ್ಪಲಿಯ ಹಾಗೆ ಗಟ್ಟಿಯಾಗಿತ್ತು.

"ಇಲ್ಲಿ ಮೊದಲ ಯಾರರ ಸೂಜಿ ಮಾಡ್ಯಾರೇನು?" ಎಂದರು ಡಾಕ್ಟರರು, ಟಿವಿಯಿಂದ ಕಣ್ಣು ತೆಗೆಯದೆ.

"ಗೊತ್ತಿಲ್ಲ ಸರ್" ಎಂದೆ.

ಇಷ್ಟು ವರ್ಷದ ನೌಕರಿಯಲ್ಲಿ ಆ ಕೋಣೆಯಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು. ನನ್ನ ಹೆಬ್ಬೆರಳು ಇನ್ನೂ ಸಿರಿಂಜಿನ ಮೇಲೇ ಇತ್ತು.

ಏಳದ ಗಡ್ಡೆಗೆ ಎರಡೇ ಕಾರಣ. ಕ್ಯಾನ್ಸರ್ ಆಗಿ ಗೋಡೆಯೊಳಗೆ ಬೇರು ಬಿಟ್ಟಿರಬೇಕು, ಇಲ್ಲವೇ ಹಳೆಯ ಗಾಯ ಕಲೆಗಟ್ಟಿರಬೇಕು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಒತ್ತಾಯದಿಂದ ಕುಣಿಕೆ ಹಾಕಿದರೆ ತೂತು. ಡಾಕ್ಟರರು ಹೈದರಾಬಾದಿನ ತಮ್ಮ ಗುರುಗಳಿಗೆ ವಿಡಿಯೋ ಕಳಿಸಿದರು. ಅವರೂ ಮುಟ್ಟಬೇಡ, ಆಪರೇಷನ್ನಿಗೆ ಕಳಿಸು ಎಂದರು. ಕೊಳವೆ ಹೊರಬಂತು. ನಾನು ಟ್ರೇಯಲ್ಲಿದ್ದ ನೀಲಿ ನೀರನ್ನು ಸಿಂಕಿಗೆ ಸುರಿದೆ.

ಮಧ್ಯಾಹ್ನ ವಾರ್ಡಿನಲ್ಲಿ ಸಣ್ಣವ್ವ ಎಚ್ಚರವಾಗಿ ಕೂತಿದ್ದಳು. ಡಾಕ್ಟರರು ಬಂದು ಅದೇ ಪ್ರಶ್ನೆ ಕೇಳಿದರು. ನಾನು ಅವರ ಹಿಂದೆ ಕೇಸ್ ಶೀಟ್ ಹಿಡಿದು ನಿಂತಿದ್ದೆ.

"ದೇವದುರ್ಗದಾಗ ಮೂರ ಸಲ ಸೂಜಿ ಮಾಡಿಸೀನ್ರಿ" ಎಂದಳು.

"ಯಾರ ಹೇಳಿದ್ರು ನಿನಗ ಮಾಡಿಸ್ಕೊ ಅಂತ?"

ಸಣ್ಣವ್ವ ಡಾಕ್ಟರರ ಭುಜದ ಮೇಲಿಂದ ನನ್ನನ್ನು ನೋಡಿದಳು. "ಯಾರ ಹೇಳ್ತಾರ್ರಿ? ಓಣಿ ಮಂದಿ ಹೇಳಿದ್ರು, ನಾ ಹೋದ್ನಿ" ಎಂದಳು.

"ಮನ್ಯಾಗ ನರ್ಸ್ ಇಟ್ಕೊಂಡು ಓಣಿ ಮಂದಿನ್ನ ಕೇಳ್ತಿ ನೋಡು" ಎಂದರು ಡಾಕ್ಟರರು. ಬೈದದ್ದು ಅವಳನ್ನು. ಆಗಲೂ ನಾನು ಬಾಯಿ ಬಿಡಲಿಲ್ಲ. ಕೇಸ್ ಶೀಟಿನಲ್ಲಿ, ಹಿಂದೆ ಹೊರಗಡೆ ಮೂರು ಸಲ ಇಂಜೆಕ್ಷನ್, ರೋಗಿಯ ಸ್ವಂತ ನಿರ್ಧಾರ ಎಂದು ಬರೆದುಕೊಳ್ಳಲು ಹೇಳಿದರು. ಬರೆದೆ. ಅಕ್ಷರಗಳು ದುಂಡಗೆ ಬಂದವು.

ಆಪರೇಷನ್ ಆಯಿತು. ಗುದದ ಹತ್ತಿರದ ಮಾಂಸವೂ ಆ ಸೂಜಿಗಳಿಂದ ಗಟ್ಟಿಯಾಗಿದೆ, ಕರುಳು ಕತ್ತರಿಸಿ ಅಲ್ಲಿಗೆ ಮತ್ತೆ ಜೋಡಿಸಿದರೆ ಹಿಡಿಯಲಿಕ್ಕಿಲ್ಲ ಎಂದು ಸರ್ಜನ್ನರು ಕಾಯಂ ಚೀಲವನ್ನೇ ಇಟ್ಟರು. ತೆಗೆದ ಭಾಗದ ರಿಪೋರ್ಟು ಬರುವ ತನಕ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ರಿಪೋರ್ಟು ಬಂತು. ಎಲ್ಲಿಯೂ ಕ್ಯಾನ್ಸರ್ ಇಲ್ಲ. ಬರೀ ಗಡ್ಡೆ, ಅದರ ನಡುವೆ ಮತ್ತು ಕೆಳಗೆ ದಟ್ಟವಾದ ಕಲೆ. ತಮ್ಮ ಪೇಡೆ ತಂದು ವಾರ್ಡಿನಲ್ಲಿ ಹಂಚಿದ. ಅವ್ವ ಕೈ ಮುಗಿದಳು. ನನಗೂ ಒಂದು ಪೇಡೆ ಬಾಯಿಗೆ ಹಾಕಿದರು. ಅದನ್ನು ನುಂಗುವಾಗ ನನಗೆ ಮಾತ್ರ ಆ ಕಾಗದದ ಅರ್ಥ ಪೂರ್ತಿ ತಿಳಿದಿತ್ತು. ಕ್ಯಾನ್ಸರ್ ಇಲ್ಲ ಎಂದರೆ ಆ ಗಡ್ಡೆ ಏಳುತ್ತಿತ್ತು. ಮೊದಲ ದಿನವೇ ಬಂದಿದ್ದರೆ ನನ್ನ ಕೈಯ ನೀಲಿ ನೀರಿಗೆ ಎದ್ದು, ಎರಡು ದಿನಕ್ಕೆ ಮನೆಗೆ ಹೋಗುತ್ತಿದ್ದಳು. ಅದನ್ನು ಹಿಡಿದಿಟ್ಟದ್ದು ಸೂಜಿ, ಆ ಸೂಜಿಗೆ ಕಳಿಸಿದವಳು ನಾನು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ಪೇಡೆ ತಿನ್ನುತ್ತಿದ್ದಳು.

ಎರಡು ತಿಂಗಳಿಗೆ ಸಣ್ಣವ್ವ ಶಾಲೆಗೆ ಹೋದಳು. ಬಾಗಿಲಲ್ಲೇ ಹೆಡ್‌ಮಾಸ್ತರು ಕುರ್ಚಿ ಹಾಕಿಸಿ ಕೂರಿಸಿದರಂತೆ, ಚಹಾ ತರಿಸಿದರಂತೆ. ವಿಶ್ರಾಂತಿ ತಗೋ, ಆರೋಗ್ಯ ನೋಡಿಕೋ ಎಂದರಂತೆ. ಬೇರೊಬ್ಬಳು ಆಗಲೇ ಒಲೆಯ ಮುಂದಿದ್ದಳು. ಇದನ್ನು ಕೇಳಿ ನಾನು ರಜೆ ಹಾಕಿ ದೇವದುರ್ಗಕ್ಕೆ ಹೋದೆ, ಜಗಳಕ್ಕೆಂದೇ ಹೋದೆ. ಚೀಲ ಪೂರ್ತಿ ಮುಚ್ಚಿರುತ್ತದೆ, ಸೋರುವುದಿಲ್ಲ, ಕೈ ತೊಳೆದುಕೊಂಡು ಯಾವ ಕೆಲಸವನ್ನಾದರೂ ಮಾಡಬಹುದು, ಡಾಕ್ಟರರ ಚೀಟಿ ತಂದಿದ್ದೇನೆ ಎಂದೆ.

ಹೆಡ್‌ಮಾಸ್ತರು ಬಹಳ ಸಭ್ಯರು. "ನೀವು ನರ್ಸ್ ಅದೀರಿ, ನಿಮಗ ನಾ ಏನ ಹೇಳ್ಲಿ? ಮಕ್ಕಳ ವಿಷಯ ನೋಡ್ರಿ. ಪಾಲಕರು ಬಂದು ಸ್ವಚ್ಛತಾ ಅಂತ ಕೇಳಾಕತ್ತಾರ. ನಮ್ಮದ್ಯಾವ ಭೇದಭಾವ ಇಲ್ರಿ ಮತ್ತ" ಎಂದರು. ಪಾಲಕರು ಯಾರೆಂದು ಕೇಳಬೇಕಿರಲಿಲ್ಲ. ಹಿಂದೆ ಡಬ್ಬಿ ಕಟ್ಟಿ ಕಳಿಸಿದ್ದ ಮನೆಗಳೇ. ಅಂದು ಬಾಯಿಬಿಟ್ಟು ಹೇಳಲಾಗದ ಮಾತಿಗೆ ಇಂದು ಅವರಿಗೆ ಒಂದು ಮರ್ಯಾದೆಯ ಹೆಸರು ಸಿಕ್ಕಿತ್ತು, ಆ ಹೆಸರನ್ನು ದೊರಕಿಸಿಕೊಟ್ಟವಳು ನಾನು. ಊರು ಇಷ್ಟು ವರ್ಷ ಪ್ರಯತ್ನ ಮಾಡಿ ಕಸಿದುಕೊಳ್ಳಲಾರದ ಸೌಟನ್ನು ನೀರಿನ ತೊಟ್ಟಿಯ ಹತ್ತಿರ ನಿಂತು ಎರಡು ನಿಮಿಷದಲ್ಲಿ ಕಸಿದುಕೊಂಡಿದ್ದೆ. ಚೀಟಿಯನ್ನು ಮೇಜಿನ ಮೇಲೆ ಇಟ್ಟು ಎದ್ದು ಬಂದೆ. ಅದಕ್ಕೆ ಇವತ್ತಿಗೂ ಉತ್ತರ ಬಂದಿಲ್ಲ.

ಮನೆಗೆ ಬಂದಾಗ ಸಣ್ಣವ್ವ ಚೀಲ ಬದಲಿಸಿಕೊಳ್ಳಲು ಕೂತಿದ್ದಳು. ಅವಳಿಗೆ ಅದು ಇನ್ನೂ ಸರಿಯಾಗಿ ರೂಢಿಯಾಗಿರಲಿಲ್ಲ, ಅಂಟು ವಾರೆಯಾಗುತ್ತಿತ್ತು. ಇತ್ಲಾಗ ಕೊಡು ಎಂದು ಕೈಗವಸು ಹಾಕಿಕೊಂಡು ಅವಳ ಮುಂದೆ ಕೂತೆ. ಹೊಟ್ಟೆಯ ಮೇಲಿನ ಕೆಂಪು ಬಾಯಿಯ ಸುತ್ತ ಬೆಚ್ಚಗಿನ ನೀರಲ್ಲಿ ಒರೆಸಿದೆ. ಅವಳು ಗೋಡೆಗೆ ಒರಗಿ ಸೂರು ನೋಡುತ್ತಿದ್ದಳು. ಇನ್ನು ಹೇಳದಿದ್ದರೆ ಎಂದೂ ಹೇಳಲಾರೆ ಎನಿಸಿತು.

"ಸಣ್ಣವ್ವಾ, ಆ ಸೂಜಿಯಿಂದನಽ ಗಡ್ಡಿ ಏಳಲಿಲ್ಲ. ಇಲ್ಲಾಂದ್ರ ಏಳ್ತಿತ್ತು. ಈ ಚೀಲ ಬರ್ತಿದ್ದಿಲ್ಲ. ಸೂಜಿ ಮಾಡಿಸ್ಕೊ ಅಂದಾಕಿ ನಾನು."

"ಗೊತ್ತದ ಬೇ" ಎಂದಳು. "ಡಾಕ್ಟ್ರು ಕೇಳಿದಾಗ ನಿನ್ನ ಮಾರಿ ನೋಡಿನಲ್ಲ, ಅವತ್ತಽ ತಿಳೀತು."

"ಮತ್ತ ಯಾಕ ನನ್ನ ಹೆಸರ ಹೇಳಲಿಲ್ಲ?"

"ಹೇಳಿದ್ರ ಎದ್ದು ಬರ್ತಿತ್ತೇನು ಗಡ್ಡಿ?"

ಹೊಸ ಚೀಲದ ಹಿಂದಿನ ಕಾಗದ ಬಿಡಿಸುತ್ತಿದ್ದ ನನ್ನ ಕೈ ನಿಂತಿತು. ಬೈದುಬಿಡಲಿ ಎಂದು ಕಾದೆ. ಬೈದಿದ್ದರೆ ಅಳಬಹುದಿತ್ತು. ಸಣ್ಣವ್ವ ಸೂರಿನಿಂದ ಕಣ್ಣು ಇಳಿಸದೆಯೇ ಮಾತಾಡಿದಳು.

"ಸೂಜಿದೇನ ಬಿಡು, ಮಂದಿ ಎಲ್ಲಾ ಮಾಡಿಸ್ಕೋತಾರ. ನಾ ಅವತ್ತ ತೊಟ್ಟಿಲಕ್ಕಂತ ಬಂದಿದ್ದಿಲ್ಲ ಮಗಳ. ನಿನಗ ತೋರಸ್ಬೇಕಂತ ಬಂದಿದ್ದೆ. ಗಂಡಸ ಡಾಕ್ಟ್ರಿಗಿ ತೋರಸಾಕ ನಾಚಿಕಿ, ನಮ್ಮ ಮಗಳಾದ್ರ ನೋಡ್ತಾಳ ಅಂತ ಸೀರಿ ಒಳಗ ಹೊಸಾ ಲಂಗ ಉಟ್ಕೊಂಡು ಬಂದಿದ್ದೆ. ನೀ ತೋರಸು ಅಂತ ಅನ್ನಲಽ ಇಲ್ಲ."